ಕೋಡಿ ಹೊಲದ ಗಡಿಕಲ್ಲು

ಚಿಕ್ಕಲಸಂದ್ರದ ನಮ್ಮ ಅಡ್ಡರಸ್ತೆಯೂ ಅದರ ಎದುರಿನ ಅಡ್ಡರಸ್ತೆಯೂ ಒಂದಕ್ಕೊಂದು ಸೇರುವುದಿಲ್ಲ. ಎರಡೂ ನೆಟ್ಟಗೆ ಬಂದು, ಇನ್ನೇನು ಸೇರಬೇಕು ಅನ್ನುವಾಗ ಹತ್ತು ಹನ್ನೆರಡು ಅಡಿ ತಪ್ಪಿಸಿಕೊಂಡು ನಿಂತುಬಿಡುತ್ತವೆ. ಪಾರ್ಸೆಲ್ ತರುವವರು ಅಲ್ಲಿ ಬೈಕ್ ನಿಲ್ಲಿಸಿ, ಫೋನಿನೊಳಗಿನ ನಕ್ಷೆಯನ್ನೂ ಈ ಏರಿಯಾ ಕಟ್ಟಿದವರನ್ನೂ ಒಟ್ಟಿಗೆ ಬೈಯುತ್ತಾರೆ. ಬೈಯಲಿ. ಇದು ಜಯನಗರದಂತೆ ಮೇಜಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ಮಾಡಿದ ಬಡಾವಣೆಯಲ್ಲ. ಇಲ್ಲಿ ಒಬ್ಬೊಬ್ಬ ರೈತ ತನ್ನ ಹೊಲವನ್ನು ತಾನೇ ಸೈಟು ಮಾಡಿ ಮಾರಿದ, ತನ್ನ ಹೊಲದ ಮಟ್ಟಿಗೆ ರಸ್ತೆ ಬಿಟ್ಟ, ಪಕ್ಕದವನ ರಸ್ತೆ ಎಲ್ಲಿಗೆ ಬರುತ್ತದೆ ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಹಾಗಾಗಿ ರಸ್ತೆಗಳು ಎಲ್ಲಿ ತಪ್ಪಿಸಿಕೊಂಡಿವೆಯೋ ಅಲ್ಲಿ ಹಿಂದೆ ಒಂದು ಬದು ಇತ್ತು ಎಂದು ತಿಳಿದುಕೊಳ್ಳಬೇಕು.

ಇದನ್ನು ಇಷ್ಟು ಜೋರಾಗಿ ಹೇಳುವುದಕ್ಕೆ ನನಗೆ ಹಕ್ಕಿದೆ. ನಾನು ಸರ್ವೆ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ನಿವೃತ್ತನಾದ ಮೇಲೆ ನನ್ನ ಓರಗೆಯವರೆಲ್ಲ ಸಕ್ಕರೆ ಕಾಯಿಲೆಗೆ ಹೆದರಿ ಬೆಳಿಗ್ಗೆ ನಡೆದರೆ, ನಾನು ಹೊಲಗಳನ್ನು ಹುಡುಕಿಕೊಂಡು ನಡೆಯುತ್ತೇನೆ. ಒಂದು ಮನೆಯ ಪಾರ್ಕಿಂಗ್ ಪಕ್ಕದ ಮನೆಯದಕ್ಕಿಂತ ಮೂರಡಿ ತಗ್ಗಿನಲ್ಲಿದ್ದರೆ ಅಲ್ಲಿ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು ಅಂತ ಅರ್ಥ. ಕಾಂಪೌಂಡು ಕಾರಣವಿಲ್ಲದೆ ಸೊಟ್ಟಗಿದ್ದರೆ ಅದರಡಿಯಲ್ಲಿ ಕಾಲುವೆ ಹರಿಯುತ್ತಿತ್ತು ಅಂತ ಅರ್ಥ. ನನ್ನ ಹೆಂಡತಿಗೆ ಇದು ತಲೆನೋವು. "ರಸ್ತೆ ಮಧ್ಯ ನಿಂತ್ಕೊಂಡು ಕಂಡೋರ ಗೇಟ್ ಹಂಗ್ ನೋಡ್ಬೇಡ್ರೀ, ಯಾರಾದ್ರೂ ಪೊಲೀಸ್‌ಗೆ ಫೋನ್ ಮಾಡ್ತಾರೆ" ಎನ್ನುತ್ತಾಳೆ. ಒಂದು ಸಲ ಮಾಡಿಯೂ ಇದ್ದರು, ಆ ಕಥೆ ಬೇಡ.

ಹಳೇ ಊರಿನ ಗುಡಿಯ ಹಿಂದೆ ಅರ್ಧ ಹೂತುಹೋದ ಒಂದು ಶಾಸನದ ಕಲ್ಲಿದೆ. ಅದಕ್ಕೆ ಅರಿಶಿನ ಕುಂಕುಮ ಮೆತ್ತಿ, ಅಕ್ಷರ ಕಾಣದ ಹಾಗೆ ಪೂಜೆ ಮಾಡಿಟ್ಟಿದ್ದಾರೆ. ಕೆಲವು ವರ್ಷಗಳ ಹಿಂದೆ ಶಾಸನ ಓದುವವರೊಬ್ಬರು ಬಂದು, ಅದನ್ನು ತೊಳೆಸಿ, ಐನೂರು ಆರುನೂರು ವರ್ಷ ಹಳೆಯದಿರಬೇಕು ಎಂದರು. ಯಾರೋ ಯಾರಿಗೋ ಕೆರೆಯ ಕೆಳಗೆ ಹೊಲಗದ್ದೆ ಬಿಟ್ಟುಕೊಟ್ಟ ವಿಷಯ. ಮೂಡಲಿಗೆ ಏನು, ತೆಂಕಲಿಗೆ ಏನು, ಪಡುವಲಿಗೆ ಯಾವ ದಿಬ್ಬ, ಬಡಗಲಿಗೆ ಯಾವ ಕೋಡಿ ಎಂದು ನಾಲ್ಕು ಎಲ್ಲೆ ಬರೆದಿದ್ದರು. ನಾನು ಸರ್ವಿಸಿನಲ್ಲಿದ್ದಾಗ ಈ ಊರಿನ ನಕಾಶೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಕೈಯಾರೆ ಇಳಿಸಿಕೊಂಡಿದ್ದೆ. ಮನೆಗೆ ಬಂದು ಅದನ್ನು ಹರಡಿಕೊಂಡು ಕೂತರೆ, ಕೆರೆ ತುಂಬಿದಾಗ ನೀರು ಹೊರಬೀಳುವ ಕೋಡಿ ಸಿಕ್ಕಿತು, ದಿಬ್ಬ ಸಿಕ್ಕಿತು, ಎರಡರ ನಡುವಿನ ಬದುವೂ ಸಿಕ್ಕಿತು. ಅಂದರೆ ನಾವು ಸರ್ವೆಯವರು ಗಡಿ ಹುಟ್ಟಿಸಿದವರಲ್ಲ. ಯಾವ ಕಾಲದಲ್ಲೋ ಉತ್ತವರು ಹಾಕಿಟ್ಟ ಗೆರೆಯ ಮೇಲೆ ನಮ್ಮ ಚೈನು ಎಳೆದು ನಂಬರು ಕೊಟ್ಟವರು, ಅಷ್ಟೆ. ಅವತ್ತು ನನಗೆ ಆದ ಖುಷಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆ ಖುಷಿಯೇ ಮುಂದೆ ನನ್ನ ತಲೆ ಮೇಲೆ ಕೂತದ್ದು.

ನಾವು ಬಾಡಿಗೆಗಿರುವುದು ಆ ಊರಿನ ಹಳೇ ಒಕ್ಕಲು ಮನೆತನದ ಕಟ್ಟಡದಲ್ಲಿ, ಮೊದಲನೇ ಮಹಡಿಯಲ್ಲಿ. ಕೆಳಗೆ ಓನರ್ ಅಮ್ಮ, ಮೇಲೆ ಅವರ ಮಗನ ಸಂಸಾರ. ಅಮ್ಮನಿಗೆ ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ಬಾಯಿ ಮಾತ್ರ ನೆಟ್ಟಗಿದೆ. ಬಾಡಿಗೆದಾರರು ಚಪ್ಪಲಿ ಎಲ್ಲಿ ಬಿಡಬೇಕು ಎಂಬುದರಿಂದ ಹಿಡಿದು ಯಾರ ಮನೆಯ ಒಗ್ಗರಣೆ ಸೀದಿತು ಎಂಬುದರವರೆಗೆ ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. ನನ್ನನ್ನು ಅವರು ಕರೆಯುವುದು ಸರ್ವೆ ಸಾರ್ ಎಂದೇ. ಶಾಸನದ ವಿಷಯವನ್ನು ನಾನು ಎದುರು ಬಂದವರಿಗೆಲ್ಲ ಹೇಳುತ್ತ ತಿರುಗಿದ್ದರಿಂದ ಅದು ಅವರ ಕಿವಿಗೂ ಬಿದ್ದಿತ್ತು.

ಒಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು. "ಸರ್ವೆ ಸಾರ್, ನಿಮ್ ಬಟ್ಟೆ ನಕಾಶೇಲಿ ನಮ್ ಕೋಡಿ ಹೊಲ ಐತಾ?"

"ಇದೆಯಲ್ಲಮ್ಮ. ಆ ಶಾಸನದಲ್ಲಿ ಹೇಳಿರೋ ಬದು ನಿಮ್ ಹೊಲದ್ದೇ" ಎಂದೆ. ಹೆಮ್ಮೆ ಪಡುತ್ತಾರೆ ಅಂದುಕೊಂಡಿದ್ದೆ.

ಅವರಿಗೆ ಶಾಸನ ಬೇಕಿರಲಿಲ್ಲ. "ಆ ಬದುವಿನ್ ತಲೇಲಿ ಒಂದು ಗಡಿಕಲ್ಲಿತ್ತು. ಈಗ ಅದು ಎಲ್ ಬರುತ್ತೆ ಅಂತ ತೋರಿಸಾಕಾಯ್ತದಾ?" ಎಂದು ಕೇಳಿದರು. ಏಕೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. ಒಳಗೆ ಕರೆಯಲಿಲ್ಲ, ಕೂರಿಸಲಿಲ್ಲ, ಮೆಟ್ಟಿಲ ಕಂಬಿ ಹಿಡಿದು ನಿಂತೇ ಹೇಳಿದರು.

ಅವರ ಮೊದಲನೆಯ ಹೆರಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿ ಮೂರು ದಿನಕ್ಕೆ ಹೋಯಿತು. ಅರವತ್ತು ವರ್ಷದ ಮೇಲಾಯಿತು. ಹೆಸರಿಟ್ಟಿರಲಿಲ್ಲ. ಬಾಣಂತಿ ಹೊರಗೆ ಬರುವ ಹಾಗಿಲ್ಲವಾದ್ದರಿಂದ ಗಂಡನೇ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ, ಜೊತೆಗೆ ಗುಂಡಿ ತೆಗೆಯಲು ಊರಿನ ತೋಟಿ. ವಾಪಸು ಬಂದು ಬಾಗಿಲಾಚೆಯಿಂದಲೇ, "ಗಡಿಕಲ್ಲಿಂದ ಪಡುವಲಿಗೆ ಮೂರು ಹೆಜ್ಜೆ" ಎಂದಷ್ಟೇ ಹೇಳಿದ. ಅಷ್ಟು ಸಣ್ಣ ಕೂಸಿಗೆ ಕಲ್ಲು ನೆಡುವುದಿಲ್ಲ, ತಿಥಿ ಮಾಡುವುದಿಲ್ಲ, ಎಡೆ ಇಡುವುದಿಲ್ಲ. ಹಾಗಾಗಿ ಅಮ್ಮನಿಗೆ ಆ ಮೂರು ಹೆಜ್ಜೆ ಬಿಟ್ಟು ಬೇರೇನೂ ಇರಲಿಲ್ಲ. ರಾಗಿಯಲ್ಲಿ ಕಳೆ ಕೀಳಲು ಹೋದಾಗಲೆಲ್ಲ, ಬುತ್ತಿ ಬಿಚ್ಚುವ ಹೊತ್ತಿಗೆ ಕಲ್ಲಿನಿಂದ ಮೂರು ಹೆಜ್ಜೆ ಅಳೆದು ಅಲ್ಲಿ ಕೂರುತ್ತಿದ್ದರು. ಆಮೇಲೆ ಮಗ ಹುಟ್ಟಿದ, ಹೊಲ ಸೈಟಾಯಿತು, ಜೆಸಿಬಿ ಬಂತು, ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಯಿತು.

"ಮಗನ್ನ ಕೇಳಿದ್ರೆ ಎಲ್ಲಾ ರಸ್ತೆ ಆಗೋಯ್ತು ಸುಮ್ನಿರಮ್ಮ ಅಂತಾನೆ. ನಂಗೆ ಇನ್ನೆಷ್ಟು ದಿನ ಸಾರ್? ಅಲ್ ಹೋಗಿ ಒಂದ್ ಗಳಿಗೆ ಕುಂತ್ಕೊಂಡ್ ಬರೋಣ ಅಂತ, ಅಷ್ಟೆ."

ಪಾಪ ಅನ್ನಿಸಿತು, ಹುಡುಕಿ ತೋರಿಸುತ್ತೇನೆ ಎಂದೆ. ಆದರೆ ನಿಜ ಹೇಳಬೇಕೆಂದರೆ, ಅದರ ಜೊತೆಗೇ ಒಳಗೊಳಗೆ ಉತ್ಸಾಹವೂ ಆಯಿತು. ಎಷ್ಟೋ ವರ್ಷದ ನಂತರ ಯಾರೋ ಒಬ್ಬರು ನನ್ನ ಹತ್ತಿರ ಅಳತೆ ಕೇಳಿದ್ದರು.

ಎರಡು ವಾರ ಅದೇ ಕೆಲಸ ಮಾಡಿದೆ. ಅಣ್ಣತಮ್ಮಂದಿರು ಪಾಲಾದಾಗ ಮಾಡಿದ ಪೋಡಿ ನಕಾಶೆಯ ಪ್ರತಿ ಅಮ್ಮನ ಟ್ರಂಕಿನಲ್ಲಿತ್ತು. ಬದುವಿನ ಪಡುವಣ ಹೊಲ ಅಮ್ಮನ ಗಂಡನದು, ಮೂಡಣದ್ದು ಅವರ ಮೈದುನನದು, ನಡುವೆ ಶಾಸನದಲ್ಲಿದ್ದ ಅದೇ ಬದು. ನಮ್ಮ ಹಳೇ ಅಳತೆ ಅಡಿಗಳಲ್ಲಿಲ್ಲ. ಮೂವತ್ತಮೂರು ಅಡಿಗೆ ಒಂದು ಚೈನು, ಒಂದು ಚೈನಿಗೆ ಹದಿನಾರು ಆಣೆ. ದಿಬ್ಬದ ಬಂಡೆ ಇನ್ನೂ ಇದೆ, ಅದರ ಮೇಲೆ ಯಾರೋ ನೀರಿನ ಟ್ಯಾಂಕು ಕೂರಿಸಿದ್ದಾರೆ. ಕೋಡಿಯ ಕಲ್ಲುಕಟ್ಟಡದ ಒಂದು ಮೂಲೆ ಮೋರಿಯೊಳಗೆ ಉಳಿದಿದೆ. ಈ ಎರಡನ್ನು ಹಿಡಿದುಕೊಂಡು ಟೇಪು ಎಳೆದೆ. ಹೆಂಡತಿ ಗೊಣಗುತ್ತಲೇ ಇನ್ನೊಂದು ತುದಿ ಹಿಡಿದಳು. ಲೆಕ್ಕ ಹೋಗಿ ನಿಂತದ್ದು ಒಂದು ಅಪಾರ್ಟ್‌ಮೆಂಟಿಗೂ ಒಂದು ಮನೆಗೂ ನಡುವೆ, ಫುಟ್‌ಪಾತಿನ ಅಂಚಿನಲ್ಲಿ, ಸರಿಯಾಗಿ ಆ ಎರಡು ಅಡ್ಡರಸ್ತೆಗಳು ತಪ್ಪಿಸಿಕೊಂಡಿದ್ದ ಜಾಗದಲ್ಲಿ.

ಅಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲ, ಅಳತೆಯಲ್ಲಿ ನಾಲ್ಕಾರು ಅಡಿ ಹೆಚ್ಚುಕಡಿಮೆ ಇದ್ದದ್ದೇ. ಆದರೆ ಅದೇ ತಿಂಗಳು ಗ್ಯಾಸ್ ಪೈಪು ಹಾಕುವವರು ಆ ಫುಟ್‌ಪಾತನ್ನು ಉದ್ದಕ್ಕೂ ಅಗೆದರು. ಬೆಳಿಗ್ಗೆ ಹೋಗಿ ಗುಂಡಿಯೊಳಗೆ ಬಗ್ಗಿ ನೋಡಿದೆ. ಮೇಲೆ ಕಾಂಕ್ರೀಟು, ಅದರಡಿ ಜಲ್ಲಿ, ಅದರಡಿ ಹೊರಗಿನಿಂದ ತಂದು ಸುರಿದ ಮಣ್ಣು, ಅದರಡಿ ಉತ್ತ ಹೊಲದ ಕೆಂಪು. ಆ ಕೆಂಪಿನ ನಡುವೆ ಒಂದು ಕಡೆ, ಒಂದು ಮಾರು ಅಗಲಕ್ಕೆ, ಕಪ್ಪಾಗಿ ಗಟ್ಟಿಯಾಗಿ ಕೂತ ಮಣ್ಣು. ಎಷ್ಟೋ ತಲೆಮಾರು ಕಾಲಿಟ್ಟು ತುಳಿದ ಬದುವಿನ ಬುಡ ಹಾಗಿರುತ್ತದೆ. ಅದರ ಅಡಿಯಲ್ಲಿ ಒಂದು ಬೊಗಸೆಯಷ್ಟು ಇದ್ದಿಲು, ಮಡಕೆಯ ನಾಲ್ಕು ಚೂರು.

ಈ ಕಡೆಯ ಹಳ್ಳಿಗಳಲ್ಲಿ ಗಡಿಕಲ್ಲು ನೆಡುವಾಗ ಮೊದಲು ಗುಂಡಿಗೆ ಇದ್ದಿಲು ಮತ್ತು ಒಡೆದ ಮಡಕೆ ಹಾಕಿ, ಅದರ ಮೇಲೆ ಕಲ್ಲು ನಿಲ್ಲಿಸುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ನಾಳೆ ಜಗಳ ಬಂದರೆ ಅಗೆದು ನೋಡಲು ಅದು ಸಾಕ್ಷಿ. ನನ್ನ ಸರ್ವಿಸಿನಲ್ಲಿ ಅಂಥ ಇದ್ದಿಲನ್ನು ನಂಬಿ ಎಷ್ಟೋ ಗಡಿ ಇತ್ಯರ್ಥ ಮಾಡಿದ್ದೆ. ನನ್ನ ಲೆಕ್ಕಕ್ಕೂ ಇದ್ದಿಲಿಗೂ ಒಂದು ಗೇಣಿನ ವ್ಯತ್ಯಾಸವೂ ಇರಲಿಲ್ಲ. ಗುಂಡಿಯ ಪಕ್ಕದಲ್ಲಿ ನಿಂತು ನಾನೊಬ್ಬನೇ ನಕ್ಕುಬಿಟ್ಟೆ.

ಅಮ್ಮನನ್ನು ಕರೆದುಕೊಂಡು ಹೋದೆ. ಇದ್ದಿಲು ತೋರಿಸಿದೆ. "ಇಲ್ಲೇ ಅಮ್ಮ ಕಲ್ಲಿದ್ದದ್ದು, ಅನುಮಾನವೇ ಇಲ್ಲ" ಎಂದೆ. ಅಮ್ಮ ನನ್ನ ಕೈ ಬಿಟ್ಟು, ಪಡುವಲಿಗೆ ತಿರುಗಿ, ತಾವೇ ಮೂರು ಹೆಜ್ಜೆ ಹಾಕಿದರು. ಮುದುಕಿಯ ಹೆಜ್ಜೆ ಸಾಲದು ಅನ್ನಿಸಿತೇನೋ, ಇನ್ನೊಂದು ಹಾಕಿದರು. ಗಂಡನ ಹೆಜ್ಜೆಯ ಲೆಕ್ಕಕ್ಕೆ ಸರಿಮಾಡಿಕೊಂಡಿರಬೇಕು. ಪಕ್ಕದ ಆ ಮನೆಯವರು ಕಾರು ನಿಲ್ಲಿಸುವ ಇಳಿಜಾರಿನ ಪಕ್ಕದಲ್ಲಿ ಅಂಗೈಯಗಲದ ಮಣ್ಣಿನ ಜಾಗವಿತ್ತು, ಅದರ ಎದುರು ಕುಕ್ಕರುಗಾಲಲ್ಲಿ ಕೂತರು. ಅಳಲಿಲ್ಲ. ಮಣ್ಣಿನ ಮೇಲೆ ಬಿದ್ದಿದ್ದ ಚಿಪ್ಸಿನ ಕವರನ್ನು ಎತ್ತಿ ಪಕ್ಕಕ್ಕಿಟ್ಟರು, ಎರಡು ಸಣ್ಣ ಕಲ್ಲು ಆರಿಸಿ ಬಿಸಾಡಿದರು. ಹೊರಡುವಾಗ, "ಸಾರ್, ನಿಮ್ ಹೊಟ್ಟೆ ತಣ್ಣಗಿರ್ಲಿ" ಎಂದರು.

ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಸಣ್ಣ ಲೋಟದಲ್ಲಿ ಹಾಲು ಹಿಡಿದುಕೊಂಡು, ಗೋಡೆ ಹಿಡಿದು ಹಿಡಿದು ಅಲ್ಲಿಗೆ ಹೋಗತೊಡಗಿದರು. ಮಣ್ಣಿಗೆ ಹಾಲೆರೆದು ಒಂದು ಗಳಿಗೆ ಕೂತು ಬರುವುದು. ಅಪಾರ್ಟ್‌ಮೆಂಟಿನ ವಾಚ್‌ಮನ್, "ಅಜ್ಜಿ, ಬೀದಿನಾಯಿ ಬರ್ತವೆ, ಇಲ್ಲಿ ಹಾಕ್ಬೇಡಿ" ಎಂದರೆ, "ಇರುವೆಗೆ ಕಣಪ್ಪ" ಎಂದು ಹೇಳಿ ಸುಮ್ಮನಾಗಿಸುತ್ತಿದ್ದರು. ಮನೆಯಲ್ಲಿ ಅವರ ಬಾಯಿ ಸ್ವಲ್ಪ ತಗ್ಗಿತು. ನಮ್ಮ ಚಪ್ಪಲಿಯ ತಂಟೆಗೆ ಬರುವುದು ನಿಂತಿತು. ಮಗ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದ, ಆದರೂ ಅಮ್ಮನನ್ನು ತಡೆಯಲಿಲ್ಲ. ನನಗಂತೂ ಇಡೀ ಸರ್ವಿಸಿನಲ್ಲಿ ಸಿಗದ ಸಮಾಧಾನ ಸಿಕ್ಕಿತ್ತು. ಹೊಲ ಹೋಯಿತು, ಕೆರೆ ಹೋಯಿತು, ಆದರೂ ನೆಲದಲ್ಲಿ ಬರೆದದ್ದನ್ನು ಓದುವವನೊಬ್ಬನಿದ್ದರೆ ಏನೋ ಒಂದು ಉಳಿಯುತ್ತದೆ ಎಂದು ನಂಬಿಕೊಂಡೆ. ಎಂಥ ದಡ್ಡ ನಾನು.

ಅಮ್ಮನ ಮೈದುನ ಈಗ ಮುದುಕ. ಮಗನ ಹಾರ್ಡ್‌ವೇರ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅತ್ತಿಗೆಯ ಮನೆಗೆ ಹೋಗಿಬರುವುದು ಬಿಟ್ಟು ಎಷ್ಟೋ ವರ್ಷವಾಗಿದೆ. ಒಂದು ದಿನ ನಲ್ಲಿಗೆ ವಾಷರ್ ತರಲು ಹೋದವನು ನನ್ನ ಇದ್ದಿಲಿನ ಪ್ರತಾಪ ಕೊಚ್ಚಿಕೊಂಡೆ. ಕೂಸಿನ ಮಾತು ಎತ್ತಲಿಲ್ಲ. ಕೋಡಿ ಹೊಲದ ಗಡಿಕಲ್ಲಿನ ಜಾಗ ಕರಾರುವಾಕ್ಕಾಗಿ ಸಿಕ್ಕಿತು ಎಂದಷ್ಟೇ ಹೇಳಿದೆ.

ಅವರು ಕೆಮ್ಮು ಬರುವ ತನಕ ನಕ್ಕರು.

"ಇದ್ದಿಲು ಅಲ್ಲೇ ಇರುತ್ತೆ ಸಾರ್. ಅದನ್ಯಾರು ಕಿತ್ತಿದ್ರು? ನಾವು ಕಿತ್ತಿದ್ದು ಕಲ್ನ. ನಮ್ಮಣ್ಣ ವರ್ಷಕ್ಕೊಂದು ಸಾಲು ಬದು ಒತ್ತಿಕೊಂಡು ಉಳೋನು, ಕಲ್ನ ಮೆಲ್ಲಗೆ ನನ್ ಕಡೆ ಸರಿಸೋನು. ನಾನೇನ್ ಕಮ್ಮಿ? ಮುಂದಿನ ವರ್ಷ ಅದ್ನ ಅವನ್ ಕಡೆಗೆ ಒಂದ್ ಮೊಳ ಜಾಸ್ತೀನೇ ತಳ್ತಿದ್ದೆ. ಬದೂನೂ ಕಲ್ಲೂ ಒಟ್ಟೊಟ್ಟಿಗೆ ಓಡಾಡ್ಕೊಂಡಿದ್ವು. ಆ ಕಲ್ಲು ಒಂದ್ ಕಡೆ ನಿಂತಿದ್ದೇ ಇಲ್ಲ."

"ಎಷ್ಟು ದೂರ ಹೋಗಿರ್ಬಹುದು?" ಎಂದೆ.

"ಆಚೆ ನಾಲ್ಕು ಮಾರು, ಈಚೆ ನಾಲ್ಕು ಮಾರು."

"ಅಣ್ಣನಿಗೆ ಮೊದಲನೇ ಮಗು ಹುಟ್ಟಿದ ವರ್ಷ ಎಲ್ಲಿತ್ತು, ನೆನಪಿದೆಯಾ?"

"ಯಾವ್ ವರ್ಷ ಎಲ್ಲಿತ್ತು ಅಂತ ಯಾರಿಗ್ ನೆನಪಿರುತ್ತೆ ಸಾರ್? ಆಗ ನಮ್ಮಿಬ್ರಿಗೂ ಮಾತೇ ಇರ್ಲಿಲ್ಲ." ಆಮೇಲೆ ಮಗನತ್ತ ತಿರುಗಿ, "ಸಾರ್‌ಗೆ ವಾಷರ್ ಕೊಡೋ" ಎಂದರು.

ವಾಷರ್ ಜೇಬಿಗೆ ಹಾಕಿಕೊಂಡು ನೇರವಾಗಿ ಆ ಜಾಗಕ್ಕೆ ಹೋದೆ. ಇದ್ದಿಲಿನಿಂದ ಮೂಡಲಿಗೆ ನಾಲ್ಕು ಮಾರು ಅಳೆದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಅದನ್ನು ಎರಡಾಳು ಆಳಕ್ಕೆ ಅಗೆದು, ಮಣ್ಣನ್ನೆಲ್ಲ ಟಿಪ್ಪರ್‌ಗಳಲ್ಲಿ ತುಂಬಿಕೊಂಡು ಎಲ್ಲಿಗೋ ಸಾಗಿಸಿದ್ದನ್ನು ನಾನೇ ನಿಂತು ನೋಡಿದ್ದೆ. ಪಡುವಲಿಗೆ ನಾಲ್ಕು ಮಾರು ಅಳೆದರೆ ಆ ಮನೆಯ ನೀರಿನ ಸಂಪು. ಕೂಸು ಈ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಎಲ್ಲೂ ಇಲ್ಲದಿರಬಹುದು. ನನ್ನ ಅಳತೆಯಲ್ಲಿ ಒಂದು ಗೇಣೂ ತಪ್ಪಿರಲಿಲ್ಲ. ಕಾಗದದ ಪ್ರಕಾರ ಗಡಿ ಎಲ್ಲಿರಬೇಕಿತ್ತೋ ಅಲ್ಲಿಯೇ ತೋರಿಸಿದ್ದೆ. ಶಾಸನದ ಕಾಲದಿಂದ ಕೂತಲ್ಲೇ ಕೂತಿದ್ದ ಬದುವನ್ನು ಇಬ್ಬರು ಅಣ್ಣತಮ್ಮಂದಿರು ಒಂದೊಂದು ಮೊಳದ ಆಸೆಗೆ ಅತ್ತಿತ್ತ ಆಡಿಸಿದ್ದರು. ಇದನ್ನು ಮೊದಲೇ ಊಹಿಸಬೇಕಿದ್ದವನು ನಾನು. ಬದು ಒತ್ತುವುದನ್ನು ನೋಡದ ಸರ್ವೆಯವನುಂಟೇ? ಜಗಳವಾಡುವ ಪ್ರತಿ ಊರಿನಲ್ಲೂ ಕಲ್ಲನ್ನು ನಂಬದೆ ಇದ್ದಿಲನ್ನು ನಂಬಿದವನು ನಾನು. ಆದರೆ ಕೂಸನ್ನು ಹೂಳಲು ಹೋದವನು ನೋಡಿದ್ದು ಕಲ್ಲನ್ನು, ಇದ್ದಿಲನ್ನಲ್ಲ. ಈ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲಿಲ್ಲ.

ಹೆಂಡತಿಗೆ ಹೇಳಿದೆ. "ಬಾಯಿ ಮುಚ್ಕೊಂಡಿರಿ" ಎಂದಳು. "ಅವರು ಹಾಲು ಹಾಕ್ತಿದಾರೆ, ಸಮಾಧಾನವಾಗಿದಾರೆ. ನಿಮ್ಮ ಅಳತೆ ಕಟ್ಕೊಂಡು ಅವರಿಗೇನಾಗ್ಬೇಕು?" ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಮೂರು ಸೋಮವಾರ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ಸೋಮವಾರ ಕಿಟಕಿಯಿಂದ ನೋಡುತ್ತಿದ್ದಾಗ, ಅಮ್ಮ ಗೋಡೆ ಹಿಡಿದುಕೊಂಡು, ಹಾಲು ಚೆಲ್ಲದ ಹಾಗೆ ಲೋಟವನ್ನು ಎದೆಗೊತ್ತಿಕೊಂಡು, ಸಂಪಿಗೂ ನೆಲಮಾಳಿಗೆಗೂ ನಡುವಿನ ಆ ಸುಳ್ಳು ಜಾಗಕ್ಕೆ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ತಪ್ಪು ಗುರುತನ್ನು ನಕಾಶೆಯ ಮೇಲೆ ಹಾಗೇ ಬಿಡಲು ನನ್ನಿಂದಾಗುವುದಿಲ್ಲ ಎಂಬ ಚಟ ಅದು. ಅವರಿಗಾಗಿ ಹೇಳಲಿಲ್ಲ, ನನ್ನ ನವೆ ತೀರಿಸಿಕೊಳ್ಳಲು ಹೇಳಿದೆ.

ಅವರು ವಾಪಸು ಬಂದು ಬಾಗಿಲ ಹತ್ತಿರ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಕಲ್ಲು ಓಡಾಡಿದ್ದು, ಇದ್ದಿಲು ಓಡಾಡದೆ ಉಳಿದದ್ದು, ಆಚೆ ನಾಲ್ಕು ಮಾರು, ಈಚೆ ನಾಲ್ಕು ಮಾರು. ಅಮ್ಮ ಖಾಲಿ ಲೋಟವನ್ನು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಇವತ್ತಿನ ಜಾಗ ಕಳೆದುಹೋದದ್ದಕ್ಕೆ ಸಂಕಟಪಡುತ್ತಿದ್ದಾರೆ ಎಂದುಕೊಂಡಿದ್ದೆ. ನಾನು ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು ಎಂದು ಅವರು ಬಾಯಿ ತೆರೆದಾಗ ತಿಳಿಯಿತು.

"ಹಂಗಾದ್ರೆ ಆವಾಗ್ಲೂ ಅದು ಅಲ್ಲಿರ್ಲಿಲ್ಲ" ಎಂದರು. "ನಾನು ವರ್ಷಾ ವರ್ಷಾ ಹೆಜ್ಜೆ ಅಳ್ಕೊಂಡು ಕುಂತಿದ್ದು ಬರೀ ರಾಗಿ ಹೊಲದಾಗೆ." ಲೋಟವನ್ನು ನೆಲದ ಮೇಲಿಟ್ಟು ಮತ್ತೆ ಹೇಳಿದರು. "ನಮ್ ಯಜಮಾನ್ರು ನೋಡ್ತಿದ್ರು ಸಾರ್. ನಾನ್ ಅಲ್ ಕುಂತಿದ್ರೆ ಎತ್ತು ನಿಲ್ಸಿ ನೋಡ್ತಿದ್ರು. ಕಲ್ಲು ಸರ್ಸಿದೀನಿ, ಅಲ್ಲಲ್ಲ ಇಲ್ಲಿ ಅಂತ ಒಂದ್ ಮಾತು ಹೇಳ್ಲಿಲ್ಲ."

ನಾನು ಏನೇನೋ ಹೇಳಲು ಹೋದೆ. ಅವರು ಕೈಯಾಡಿಸಿದರು, ಹೋಗಿ ಅನ್ನುವ ಹಾಗೆ.

ಮುಂದಿನ ಸೋಮವಾರ ಅವರು ಹೊರಗೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಗೋಡೆಯ ಮೇಲಿದ್ದ ಗಂಡನ ಫೋಟೋಗೆ ದಿನಾ ಹೂವಿಡುತ್ತಿದ್ದವರು ಅದನ್ನೂ ನಿಲ್ಲಿಸಿದರು ಎಂದು ಅವರ ಸೊಸೆ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ. "ಅತ್ತೆಗೆ ಅಂಕಲ್ಲು ಏನ್ ಹೇಳಿದ್ರು ಆಂಟಿ?" ಎಂದು ಕೇಳಿದಳಂತೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಒಂದು ಸುಳ್ಳು ಕಟ್ಟಿಕೊಂಡು ಕೆಳಗಿಳಿದೆ. ಸರ್ವಿಸಿನ ಉದ್ದಕ್ಕೂ ಯಾರು ಎಷ್ಟೇ ಕಾಡಿದರೂ ಒಂದು ಆಣೆ ಅಳತೆ ಹೆಚ್ಚುಕಡಿಮೆ ಬರೆಯದವನು ನಾನು. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದರು. "ಅಮ್ಮ, ನಿಮ್ಮ ಮೈದುನರ ಹತ್ರ ಮತ್ತೆ ಹೋಗಿ ವಿಚಾರಿಸ್ದೆ. ಕಲ್ಲು ಸರಿಸಿದ್ದೆಲ್ಲ ಕೂಸು ಹೋದ ಮೇಲಂತೆ, ಅದಕ್ಕೆ ಮುಂಚೆ ಅಲ್ಲಾಡಿಸಿರಲಿಲ್ಲವಂತೆ. ನಾನು ಮೊದಲು ತೋರಿಸಿದ ಜಾಗಾನೇ ಸರಿ" ಎಂದೆ. ಹೇಳುವಾಗ ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಅಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ನಿಮ್ಗೆ ಸುಳ್ಳು ಹೇಳಾಕ್ ಬರಲ್ಲ ಸಾರ್" ಎಂದರು. "ನಮ್ ಯಜಮಾನ್ರಿಗೆ ಬರ್ತಿತ್ತು."

ಆಮೇಲೆ ತಲೆ ತಗ್ಗಿಸಿ ಅಕ್ಕಿಯಲ್ಲಿನ ಕಲ್ಲು ಆರಿಸತೊಡಗಿದರು.